ಮೂವತ್ತೈದು ಡಿಗ್ರಿ ಅಂದರೆ ಎಷ್ಟು ಸೆಕೆ? ಕರಾವಳಿಯ ಏಪ್ರಿಲ್ ವಾರವನ್ನು ಓದುವ ಬಗೆ

ಏಪ್ರಿಲ್ ಬಂತೆಂದರೆ ನಮ್ಮ ಮನೆಯಲ್ಲಿ ಹವಾಮಾನ ವರದಿಗೆ ಎಲ್ಲರಿಗಿಂತ ಜಾಸ್ತಿ ಕಿವಿ ಕೊಡುವವರು ಅಮ್ಮ. ಹಲಸಿನ ಹಪ್ಪಳದ ಕಾಲ ಅದು. ಸೊಳೆ ಬೇಯಿಸಿ, ರುಬ್ಬಿ, ಉಂಡೆ ಕಟ್ಟಿ, ಒತ್ತಿ, ಚಾಪೆ ಮೇಲೆ ಹರಡುವಷ್ಟರಲ್ಲಿ ಬೆಳಗ್ಗೆ ಮುಗಿದಿರುತ್ತದೆ. ಆಮೇಲೆ ಎರಡು ಮೂರು ದಿನ ಒಳ್ಳೆ ಬಿಸಿಲು ಬೇಕು. ನಡುವೆ ಒಂದು ಸಂಜೆ ಮಳೆ ಬಿದ್ದರೆ ಚಾಪೆ ಪೂರ್ತಿ ಬೂಸ್ಟು.

"ಇವತ್ತು ಮಳೆ ಉಂಟಾ ನೋಡು ಮಾರಾಯ" ಅಂತ ಏಳು ಗಂಟೆಗೇ ಕೇಳುತ್ತಾರೆ. ನಾನು ಫೋನ್ ನೋಡಿ ಹೇಳುತ್ತೇನೆ: 34 ಡಿಗ್ರಿ, ಅರ್ಧ ಮೋಡ, ಮಳೆ ಸಾಧ್ಯತೆ ಶೇ 40. "ಅದರಲ್ಲಿ ಹಪ್ಪಳ ಹಾಕುವುದಾ ಬೇಡವಾ ಅಂತ ಎಲ್ಲುಂಟು?"

ಅವರು ಕೇಳುವುದು ಸರಿಯಾಗಿಯೇ ಇದೆ. ಫೋನಿನ ಹವಾಮಾನ ಆ್ಯಪ್ ತೆರೆದಾಗ ಮೊದಲು ಕಣ್ಣಿಗೆ ಬೀಳುವುದು ದೊಡ್ಡ ಅಕ್ಷರದ ಗರಿಷ್ಠ ಉಷ್ಣಾಂಶ. ಕಾರವಾರದಿಂದ ಮಂಗಳೂರಿನವರೆಗಿನ ಪಟ್ಟಿಯಲ್ಲಿ, ಮಾರ್ಚ್‌ನಿಂದ ಮೇವರೆಗೆ, ಆ ಅಂಕಿಯಷ್ಟು ಕೆಲಸಕ್ಕೆ ಬಾರದ್ದು ಬೇರೆ ಇಲ್ಲ. ವಾರಪೂರ್ತಿ ಅದು 33, 34, 34, 35, 34 ಅಂತ ಒಂದೇ ಕಡೆ ನಿಂತಿರುತ್ತದೆ. ಆದರೆ ವಾರ ಒಂದೇ ಥರ ಇರುವುದಿಲ್ಲ. ಒಂದು ದಿನ ಫ್ಯಾನ್ ಕೆಳಗೆ ಕೂತರೂ ಅಂಗಿ ಒದ್ದೆ, ಇನ್ನೊಂದು ದಿನ ಅದೇ 34ರಲ್ಲಿ ಪರವಾಗಿಲ್ಲ ಅನಿಸುತ್ತದೆ. ವ್ಯತ್ಯಾಸ ಮಾಡುವುದು ಗಾಳಿಯ ದಿಕ್ಕು ಮತ್ತು ಗಾಳಿಯಲ್ಲಿರುವ ನೀರು. ಆ್ಯಪಿನಲ್ಲಿ ಅವೆರಡೂ ಇರುತ್ತವೆ, ಆದರೆ ಕೆಳಗೆಲ್ಲೋ, ಸಣ್ಣ ಅಕ್ಷರದಲ್ಲಿ.

ಮೊದಲು ಸೆಕೆಯ ವಿಷಯ. ಕಲಬುರಗಿಯವರು "ಬಿಸಲು" ಅಂತಾರೆ, "ಝಳ" ಅಂತಾರೆ. ನಾವು "ಸೆಕೆ" ಅಂತೇವೆ. ಎರಡಕ್ಕೂ ಬೇರೆ ಪದ ಇರುವುದು ಸುಮ್ನೆ ಅಲ್ಲ. ನಮ್ಮ ಮೈ ತಣ್ಣಗಾಗುವುದು ಬೆವರು ಆರುವುದರಿಂದ. ಗಾಳಿ ಒಣಗಿದ್ದರೆ ಬೆವರು ಬಂದದ್ದೇ ಗೊತ್ತಾಗದ ಹಾಗೆ ಆರಿಹೋಗುತ್ತದೆ. ಗಾಳಿಯಲ್ಲಿ ಮೊದಲೇ ನೀರು ತುಂಬಿದ್ದರೆ ಬೆವರು ಆರುವುದಿಲ್ಲ, ಇಳಿಯುತ್ತದೆ. ಬೆನ್ನ ಮೇಲೆ ಇಳಿದ ಬೆವರಿನಿಂದ ಅಂಗಿ ಒದ್ದೆಯಾಗುತ್ತದೆ, ಮೈ ತಣ್ಣಗಾಗುವುದಿಲ್ಲ.

ಲೆಕ್ಕ ಹಾಕಿದರೆ ಚೆನ್ನಾಗಿ ಕಾಣುತ್ತದೆ. ಕಲಬುರಗಿಯಲ್ಲಿ 40 ಡಿಗ್ರಿ, ತೇವಾಂಶ ಶೇ 20 ಅಂದುಕೊಳ್ಳಿ. ಮೈಗೆ ಅನಿಸುವ ಬಿಸಿಯ ಸೂತ್ರಕ್ಕೆ ಹಾಕಿದರೆ ಸುಮಾರು 39 ಬರುತ್ತದೆ, ಅಂದರೆ ಥರ್ಮಾಮೀಟರಿಗಿಂತ ಒಂದು ಚೂರು ಕಡಿಮೆಯೇ. ಮಂಗಳೂರಿನಲ್ಲಿ 35 ಡಿಗ್ರಿ, ತೇವಾಂಶ ಶೇ 60 ಅಂದುಕೊಳ್ಳಿ. ಮೈಗೆ ಅನಿಸುವುದು 45. ಐದು ಡಿಗ್ರಿ ಕಡಿಮೆ ಇರುವ ಊರಿನಲ್ಲಿ ಆರು ಡಿಗ್ರಿ ಜಾಸ್ತಿ ಸಂಕಟ.

ಇದನ್ನು ಮನೆಯಲ್ಲೇ ನೋಡಬೇಕಾದರೆ ಮಣ್ಣಿನ ಹೂಜಿ ಸಾಕು. ಬಯಲುಸೀಮೆಯ ನೆಂಟರ ಮನೆಯಲ್ಲಿ ಏಪ್ರಿಲ್ ಮಧ್ಯಾಹ್ನ ಹೂಜಿ ನೀರು ಕುಡಿದು ಫ್ರಿಜ್ಜಿನದ್ದಾ ಅಂತ ಕೇಳಿದ್ದೆ. ಅದೇ ಆಸೆಗೆ ಒಂದು ಹೂಜಿ ತಂದು ನಮ್ಮ ಜಗಲಿಯಲ್ಲಿಟ್ಟೆ. ನೀರು ಉಗುರು ಬೆಚ್ಚಗೆ ಇತ್ತು ಅಷ್ಟೇ. ಹೂಜಿಯದ್ದು ತಪ್ಪಲ್ಲ. ಹೂಜಿ ಮೈಯಿಂದ ಜಿನುಗುವ ನೀರು ಆರಿದರೆ ತಾನೇ ಒಳಗಿನದ್ದು ತಣ್ಣಗಾಗುವುದು! ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೂ ಇದೇ ಕತೆ. ಮೇಲಿನ ಕಲಬುರಗಿ ಲೆಕ್ಕದಲ್ಲಿ ಅದು 23ರ ಹತ್ತಿರಕ್ಕೆ ಇಳಿಯುತ್ತದೆ. ಮಂಗಳೂರಿನ ಲೆಕ್ಕದಲ್ಲಿ ಇಪ್ಪತ್ತೆಂಟೂವರೆಗೆ ನಿಲ್ಲುತ್ತದೆ. ನಮ್ಮ ಮೈಯೂ ಒಂದು ಹೂಜಿ ತಾನೇ?

ಇಷ್ಟು ನೀರು ಎಲ್ಲಿಂದ ಬರುತ್ತದೆ ಅಂತ ಕೇಳಬೇಕಾಗಿಲ್ಲ, ಪಕ್ಕದಲ್ಲೇ ಇದೆ. ಏಪ್ರಿಲ್–ಮೇ ಹೊತ್ತಿಗೆ ನಮ್ಮ ಕಡೆಯ ಅರಬ್ಬಿ ಸಮುದ್ರದ ಮೇಲ್ಮೈ ಸುಮಾರು 30 ಡಿಗ್ರಿಗೆ ಕಾದಿರುತ್ತದೆ. ಭೂಮಿಯ ಹಾಗೆ ಕಡಲು ರಾತ್ರಿ ತಣಿಯುವುದಿಲ್ಲ. ಹಾಗಾಗಿ ನಮ್ಮ ಕನಿಷ್ಠ ಉಷ್ಣಾಂಶವೂ 25, 26ಕ್ಕಿಂತ ಕೆಳಗೆ ಇಳಿಯುವುದು ಕಷ್ಟ. ಬೆಳಗಿನ ಜಾವ ತೇವಾಂಶ ಶೇ 80 ದಾಟಿರುತ್ತದೆ. ನಾನೀಗ ವಾರದ ಮುನ್ಸೂಚನೆಯಲ್ಲಿ ಮೊದಲು ನೋಡುವುದು ಈ ಕನಿಷ್ಠದ ಸಾಲನ್ನೇ. ಅದು 27 ಅಂತ ಇದ್ದರೆ ಆ ರಾತ್ರಿ ನಿದ್ದೆ ಇಲ್ಲ. ನಿದ್ದೆ ಇಲ್ಲದ ಮೂರನೇ ದಿನಕ್ಕೆ ಗರಿಷ್ಠ ಬರೀ 33 ಇದ್ದರೂ ಮೈ ಕೈಕೊಡುತ್ತದೆ.

ಇಲ್ಲಿ ಇಲಾಖೆಯ ನಿಯಮಗಳ ಬಗ್ಗೆ ನನ್ನದೊಂದು ತಕರಾರು ಇದೆ. ಭಾರತೀಯ ಹವಾಮಾನ ಇಲಾಖೆ ಕರಾವಳಿಗೆ "ಬಿಸಿಗಾಳಿ" ಅಂತ ಘೋಷಿಸಬೇಕಾದರೆ ಗರಿಷ್ಠ ಉಷ್ಣಾಂಶ ಕನಿಷ್ಠ 37 ಆಗಿರಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಜಾಸ್ತಿ ಇರಬೇಕು. ನಮ್ಮ ವಾಡಿಕೆ 34ರ ಆಸುಪಾಸು. ಅಂದರೆ 38.5 ಮುಟ್ಟಬೇಕು. ಅದೂ ಕರಾವಳಿ ವಿಭಾಗದ ಕನಿಷ್ಠ ಎರಡು ಕೇಂದ್ರಗಳಲ್ಲಿ, ಸತತ ಎರಡು ದಿನ. ಶೇ 65 ತೇವಾಂಶದಲ್ಲಿ 36 ಡಿಗ್ರಿ ಇದ್ದ ದಿನ ಈ ಲೆಕ್ಕದಲ್ಲಿ ಮಾಮೂಲಿ ದಿನ. ರಾತ್ರಿಯದ್ದು ಇನ್ನೂ ವಿಚಿತ್ರ. "ಬಿಸಿ ರಾತ್ರಿ" ಅನ್ನುವ ಎಚ್ಚರಿಕೆ ಇದೆ, ಆದರೆ ಹಗಲಿನ ಗರಿಷ್ಠ 40 ಮುಟ್ಟಿದ್ದರೆ ಮಾತ್ರ ಅದನ್ನು ಪರಿಗಣಿಸುತ್ತಾರೆ. ನಮ್ಮ ಪಟ್ಟಿಯಲ್ಲಿ 40 ಅನ್ನುವುದೇ ಅಪರೂಪ. ಹಾಗಾಗಿ ಇಲ್ಲಿ ಎಷ್ಟೇ ಹೊರಳಾಡಿದರೂ ಕಡತದ ಪ್ರಕಾರ ಬಿಸಿ ರಾತ್ರಿ ಆಗುವುದಿಲ್ಲ!

ಇಲಾಖೆಗೆ ಇದು ಗೊತ್ತಿಲ್ಲ ಅಂತಲ್ಲ. 2023ರಿಂದ ಪ್ರಾಯೋಗಿಕವಾಗಿ ಮೈಗೆ ಅನಿಸುವ ಬಿಸಿಯ ನಕ್ಷೆ ಹಾಕುತ್ತಿದ್ದಾರೆ. "ಬಿಸಿ ಮತ್ತು ತೇವದ ವಾತಾವರಣ" ಅನ್ನುವ ಸಾಲೂ ಬುಲೆಟಿನ್‌ನಲ್ಲಿ ಬರುತ್ತದೆ. ಆದರೆ ಕಚೇರಿ ಸಮಯ, ಕೂಲಿ ಕೆಲಸದ ಸಮಯ ಬದಲಾಗುವುದು ಆ ಸಾಲಿನಿಂದಲ್ಲ. ಕಲಬುರಗಿ ವಿಭಾಗದಲ್ಲಿ, ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವ ರೂಢಿ ಇದೆ. ಅದು ಬೇಕು, ಸರಿಯೇ. ಆದರೆ ಮಂಗಳೂರಿನ ದಕ್ಕೆಯಲ್ಲಿ ಮೀನಿನ ಬುಟ್ಟಿ ಹೊರುವವರಿಗೆ, ಮಧ್ಯಾಹ್ನ ಎರಡಕ್ಕೆ ಸ್ಲ್ಯಾಬ್ ಮೇಲೆ ಕಾಂಕ್ರೀಟ್ ಹಾಕುವವರಿಗೆ 35 ಅನ್ನುವ ಅಂಕಿ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ.

ಇನ್ನು ಗಾಳಿ. ನಮ್ಮ ಊರುಗಳ ಹೆಸರಿನಲ್ಲೇ ದಿಕ್ಕು ಇದೆ. ಮೂಡುಬಿದಿರೆ ಮೂಡಕ್ಕೆ, ಪಡುಬಿದ್ರಿ ಪಡುವಕ್ಕೆ. ವಾರದ ಮುನ್ಸೂಚನೆಯಲ್ಲಿ ಗಾಳಿಯ ಬಾಣ ಮೂಡಿನಿಂದ ಬರುತ್ತಿದೆಯೋ ಪಡುವಿನಿಂದಲೋ ಅಂತ ನೋಡಿದರೆ ಅರ್ಧ ಕತೆ ಗೊತ್ತಾದ ಹಾಗೆ.

ಮಾಮೂಲಿ ದಿನ ಹೀಗಿರುತ್ತದೆ. ರಾತ್ರಿಯಿಂದ ಬೆಳಗ್ಗೆವರೆಗೆ ನೆಲದ ಕಡೆಯಿಂದ ಕಡಲಿಗೆ ಸಣ್ಣಗೆ ಗಾಳಿ. ಹತ್ತು ಹನ್ನೊಂದರ ಹೊತ್ತಿಗೆ ನೆಲ ಕಾದು ಗಾಳಿ ತಿರುಗುತ್ತದೆ. ಕಡಲ ಗಾಳಿ ಒಳಗೆ ಬಂದ ಕೂಡಲೇ ಉಷ್ಣಾಂಶ ಏರುವುದು ನಿಲ್ಲುತ್ತದೆ, ತೇವಾಂಶ ಏರುತ್ತದೆ. 34ಕ್ಕೆ ಬ್ರೇಕ್ ಹಾಕುವುದು ಈ ಗಾಳಿಯೇ.

ಕೆಲವು ದಿನ ಮೂಡಣ ಗಾಳಿ ಜೋರಾಗಿ ಬೀಸಿ ಕಡಲ ಗಾಳಿಯನ್ನು ಮಧ್ಯಾಹ್ನ ಒಂದು ಎರಡರವರೆಗೂ ಹೊರಗೇ ತಡೆದು ನಿಲ್ಲಿಸುತ್ತದೆ. ಅದು ಬಯಲುಸೀಮೆಯ ಒಣ ಗಾಳಿ. ಘಟ್ಟ ಇಳಿಯುವಾಗ ಒತ್ತಡಕ್ಕೆ ಸಿಕ್ಕಿ ಪ್ರತಿ 100 ಮೀಟರಿಗೆ ಹೆಚ್ಚುಕಡಿಮೆ ಒಂದು ಡಿಗ್ರಿ ಬಿಸಿಯಾಗುತ್ತದೆ. ಆಗುಂಬೆಯ ಎತ್ತರದಿಂದ ಘಟ್ಟದ ಬುಡದ ಸೋಮೇಶ್ವರಕ್ಕೆ ಇಳಿಯುವಷ್ಟರಲ್ಲೇ ಐದಾರು ಡಿಗ್ರಿ ಏರಿಬಿಡುತ್ತದೆ. ಅಂಥ ದಿನಗಳಲ್ಲಿ ಮಂಗಳೂರು, ಹೊನ್ನಾವರ, ಕಾರವಾರ 37, 38 ದಾಟುತ್ತವೆ. ಮೂಡಣ ಗಾಳಿಯ ಕಾಲ ಫೆಬ್ರವರಿ–ಮಾರ್ಚ್. ಹಾಗಾಗಿ ಥರ್ಮಾಮೀಟರಿನ ಲೆಕ್ಕದಲ್ಲಿ ನಮ್ಮ ಅತಿ ಬಿಸಿ ದಿನಗಳು ಬರುವುದು ಮೇ ತಿಂಗಳಿಗಿಂತ ಮೊದಲೇ. 2025ರಲ್ಲಿ ಫೆಬ್ರವರಿ ಕೊನೆಯ ವಾರದಲ್ಲೇ ಕರಾವಳಿಗೆ ಬಿಸಿಗಾಳಿ ಎಚ್ಚರಿಕೆ ಕೊಟ್ಟದ್ದು ನೆನಪಿರಬಹುದು. ಚಳಿಗಾಲವೇ ಮುಗಿದಿಲ್ಲ, ಇದೇನಿದು ಅಂತ ಎಲ್ಲರೂ ಮಾತಾಡಿದ್ದರು. ಕಾರಣ ಈ ಮೂಡಣ ಗಾಳಿ.

ತಮಾಷೆ ಅಂದರೆ ಹಪ್ಪಳಕ್ಕೆ ಅದೇ ಒಳ್ಳೆ ದಿನ. 38 ಡಿಗ್ರಿಯ ಮೂಡಣ ಗಾಳಿಯ ದಿನ ಚಾಪೆ ಒಂದೇ ದಿನದಲ್ಲಿ ಒಣಗುತ್ತದೆ, ತುಟಿ ಒಡೆಯುತ್ತದೆ, ಬಟ್ಟೆ ಹನ್ನೊಂದಕ್ಕೇ ಗರಿಗರಿ. ಬಿಸಿಲು ಸುಡುತ್ತದೆ, ನೆರಳಿಗೆ ಬಂದರೆ ಉಸಿರಾಡಬಹುದು. 34 ಡಿಗ್ರಿಯ ಪಡುವಣ ಗಾಳಿಯ ದಿನ ನೆರಳೂ ಸೆಕೆ, ಹಪ್ಪಳದ ಅಂಚು ಒಣಗಿ ನಡು ಮೆತ್ತಗೆ.

ಏಪ್ರಿಲ್ ಬಂದಂತೆ ಪಡುವಣ ಗಾಳಿ ಬಲವಾಗುತ್ತದೆ, ಸಿಡಿಲು ಮಳೆಯ ಕಾಲ ಶುರುವಾಗುತ್ತದೆ. ಬುಲೆಟಿನ್‌ನಲ್ಲಿ ಒಂದು ವಾಕ್ಯ ಪದೇ ಪದೇ ಬರುತ್ತದೆ: ಮರಾಠವಾಡ ಅಥವಾ ವಿದರ್ಭದಿಂದ ಒಳನಾಡು ಕರ್ನಾಟಕದ ಮೂಲಕ ತಮಿಳುನಾಡು, ಕೇರಳದವರೆಗೆ ಒಂದು ತಗ್ಗು ಒತ್ತಡದ ಗೆರೆ. ಅರಬ್ಬಿ ಸಮುದ್ರದ ಕಡೆಯ ಗಾಳಿಯೂ ಬಂಗಾಳ ಕೊಲ್ಲಿಯ ಕಡೆಯ ಗಾಳಿಯೂ ಮುಖಾಮುಖಿಯಾಗುವ ಗೆರೆ ಅದು. ವಾರದ ಮುನ್ಸೂಚನೆಯಲ್ಲಿ ಈ ಗೆರೆ ಇದೆ ಅಂದರೆ ಘಟ್ಟದಲ್ಲಿ ಮೋಡ ಕಟ್ಟುತ್ತದೆ ಅಂತಲೇ ಅರ್ಥ.

ಎಲ್ಲಿ ಕಟ್ಟುತ್ತದೆ ಅನ್ನುವುದು ಮುಖ್ಯ. ಕಡಲ ಗಾಳಿ ತೇವ ಹೊತ್ತು ಒಳಗೆ ಹೋಗಿ ಘಟ್ಟದ ಬುಡಕ್ಕೆ ಬಡಿದು ಮೇಲೇಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಚಾರ್ಮಾಡಿ, ಶಿರಾಡಿ, ಸುಬ್ರಹ್ಮಣ್ಯದ ಮೇಲೆ ಹೂಕೋಸಿನಂಥ ಮೋಡ. ಮೂರು ನಾಲ್ಕರ ಹೊತ್ತಿಗೆ ಸುಳ್ಯ, ಬೆಳ್ತಂಗಡಿಯಲ್ಲಿ ಗುಡುಗು. ನೆಲದ ಮೇಲೆ ಗಾಳಿ ಪಡುವಿನಿಂದ ಬರುತ್ತಿದ್ದರೂ ಮೂರು ನಾಲ್ಕು ಕಿಲೋಮೀಟರ್ ಎತ್ತರದಲ್ಲಿ ಅದು ಮೂಡಿನಿಂದಲೇ ಬೀಸುತ್ತಿರುತ್ತದೆ. ಆ ಮೇಲಿನ ಗಾಳಿ ಮೋಡವನ್ನು ಕಡಲಿನತ್ತ ತಳ್ಳುತ್ತದೆ. ಹಾಗಾಗಿ ಏಪ್ರಿಲ್ ಮಳೆ ಬರುವುದು ಘಟ್ಟದ ಕಡೆಯಿಂದ, ಜೂನ್ ಮಳೆ ಬರುವುದು ಕಡಲ ಕಡೆಯಿಂದ. ಬಹಳ ದಿನ ಪುತ್ತೂರಿನವರೆಗೆ ಬಂದು ಮೋಡ ಖಾಲಿಯಾಗುತ್ತದೆ. ಮಂಗಳೂರಿಗೆ ಸಿಗುವುದು ದೂರದ ಗುಡುಗು, ಒಂದು ತಣ್ಣನೆ ಗಾಳಿ, ಆಮೇಲೆ ಇನ್ನೂ ಜಾಸ್ತಿ ಸೆಕೆ.

ಈಗ ಆ್ಯಪಿನ ಮಳೆ ಸಾಧ್ಯತೆ ಶೇ 40 ಅನ್ನುವುದು ಏನು ಅಂತ ನೋಡಿ. ಸುಳ್ಯದಲ್ಲಿ ಶೇ 70, ಪಣಂಬೂರಿನಲ್ಲಿ ಶೇ 15 ಇರಬಹುದಾದ ದಿನ ಎರಡನ್ನೂ ಸೇರಿಸಿ ಸರಾಸರಿ ಮಾಡಿದರೆ ಇಂಥ ಅಂಕಿ ಬರುತ್ತದೆ. ಕಂಪ್ಯೂಟರ್ ಮಾದರಿಗಳು ನೆಲವನ್ನು ಚೌಕ ಚೌಕ ಮಾಡಿ ಲೆಕ್ಕ ಹಾಕುತ್ತವೆ. ಇಲಾಖೆಯ ಜಾಗತಿಕ ಮಾದರಿಯಲ್ಲಿ ಒಂದು ಚೌಕ 12 ಕಿಲೋಮೀಟರ್ ಇತ್ತು. 2025ರ ಮೇ ತಿಂಗಳಲ್ಲಿ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನಲ್ಲಿ ಅದು 6 ಕಿಲೋಮೀಟರಿಗೆ ಇಳಿಯಿತು. ಕಡಲಿನಿಂದ ಘಟ್ಟದ ಬುಡಕ್ಕೆ ದಕ್ಷಿಣ ಕನ್ನಡದಲ್ಲೇ ಹತ್ತಾರು ಕಿಲೋಮೀಟರ್ ಅಷ್ಟೇ. ಕಾರವಾರದಲ್ಲಂತೂ ಗುಡ್ಡ ಕಡಲಿಗೆ ತಾಗಿಕೊಂಡೇ ಇದೆ. ನಮ್ಮಂಥ ಸಪೂರ ಪಟ್ಟಿಗೆ ಚೌಕ ಸಣ್ಣದಾದಷ್ಟೂ ಒಳ್ಳೆಯದು. ಆದರೂ ಒಂದು ಗುಡುಗು ಮೋಡದ ಅಗಲ ಕೆಲವೇ ಕಿಲೋಮೀಟರ್. ಅದು ಯಾರ ಅಂಗಳಕ್ಕೆ ಸುರಿಯುತ್ತದೆ ಅಂತ ಮೂರು ದಿನ ಮೊದಲು ಹೇಳುವ ಯಂತ್ರ ಯಾರ ಹತ್ತಿರವೂ ಇಲ್ಲ.

ಇಲಾಖೆಯ ಭಾಷೆ ಈ ವಿಷಯದಲ್ಲಿ ಆ್ಯಪಿಗಿಂತ ಪ್ರಾಮಾಣಿಕ. "ಒಂದೆರಡು ಕಡೆ" ಅಂದರೆ ಆ ವಿಭಾಗದ ಮಳೆಮಾಪನ ಕೇಂದ್ರಗಳಲ್ಲಿ ಶೇ 25ರವರೆಗೆ. "ಕೆಲವು ಕಡೆ" ಅಂದರೆ ಶೇ 26ರಿಂದ 50. "ಹಲವು ಕಡೆ" ಅಂದರೆ 75ರವರೆಗೆ. ಏಪ್ರಿಲ್‌ನ ವಾರದಲ್ಲಿ ಹೆಚ್ಚಾಗಿ ಮೊದಲನೆಯದ್ದೇ ಇರುತ್ತದೆ. ಅದು "ಕೆಲವು ಕಡೆ"ಗೆ ಏರಿದ ದಿನ ನಾನು ಅಮ್ಮನಿಗೆ ಹಪ್ಪಳ ಬೇಡ ಅನ್ನುತ್ತೇನೆ. ಇನ್ನೊಂದು ಸಣ್ಣ ವಿಷಯ. ಇಲಾಖೆಯ ಮಳೆ ದಿನ ಮುಗಿಯುವುದು ಬೆಳಗ್ಗೆ 8.30ಕ್ಕೆ. ಮಂಗಳವಾರ ಸಂಜೆ ಸುರಿದದ್ದು ಬುಧವಾರದ ಲೆಕ್ಕಕ್ಕೆ ಹೋಗುತ್ತದೆ. "ನಿನ್ನೆ ಮಳೆಯೇ ಇಲ್ಲ ಅಂತ ಬರೆದಿದ್ದಾರೆ, ಸುಳ್ಳು" ಅನ್ನುವ ಜಗಳಗಳಲ್ಲಿ ಅರ್ಧ ಇದರಿಂದಲೇ.

ಹಳದಿ ಅಲರ್ಟ್ ಬಗ್ಗೆಯೂ ಗೊಂದಲ ಇದೆ. ಜುಲೈಯಲ್ಲಿ ಹಳದಿ ಅಂದರೆ ಶಾಲೆಗೆ ರಜೆಯಾ ಅಂತ ಕೇಳುವ ಅಭ್ಯಾಸ ನಮಗೆ. ಏಪ್ರಿಲ್‌ನ ಹಳದಿ ಬೇರೆ. ಅದು ಹೆಚ್ಚಾಗಿ ಮಳೆಯ ಪ್ರಮಾಣದ ಮೇಲಲ್ಲ, ಸಿಡಿಲು ಮತ್ತು ಬಿರುಗಾಳಿಯ ಮೇಲೆ ಕೊಟ್ಟದ್ದು. ಮುರಕಲ್ಲಿನ ಪದವಿನಲ್ಲಿ, ಅಂದರೆ ಬೋಳು ಗುಡ್ಡದ ಬಯಲಿನಲ್ಲಿ ಕ್ರಿಕೆಟ್ ಆಡುವ ಹುಡುಗರಿಗೆ, ತೋಟದಲ್ಲಿ ಇರುವವರಿಗೆ, ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ರಾಶಿ ಮಾಡಲು ಓಡುವವರಿಗೆ ಅದು ನಿಜವಾದ ಅಪಾಯ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತು ಎಣಿಸುವುದರೊಳಗೆ ಕೇಳಿದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ, ಮನೆಯೊಳಗೆ ಹೋಗಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಬರಬಾರದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ಸುತ್ತಮುತ್ತ ಸಿಡಿಲು ಬಿದ್ದದ್ದನ್ನು ತೋರಿಸುತ್ತದೆ, ಹಾಕಿಟ್ಟುಕೊಳ್ಳುವುದು ಒಳ್ಳೆಯದು. ಅಡಿಕೆ ಮತ್ತೆ ಒಣಗುತ್ತದೆ.

ಹಾಗಾದರೆ ಏಳು ದಿನದ ಮುನ್ಸೂಚನೆಯನ್ನು ಎಷ್ಟು ನಂಬಬೇಕು? ನನ್ನ ರೂಢಿ ಹೇಳುತ್ತೇನೆ. ಮೊದಲ ಎರಡು ದಿನ ಗಾಳಿಯ ದಿಕ್ಕು, ಕನಿಷ್ಠ, ತೇವಾಂಶ ನಂಬುತ್ತೇನೆ. ಮೂರರಿಂದ ಐದನೇ ದಿನಕ್ಕೆ ಆ ತಗ್ಗು ಒತ್ತಡದ ಗೆರೆ ಇರುತ್ತದಾ, ಸಿಡಿಲಿನ ವಾತಾವರಣ ಏರುತ್ತದಾ ಇಳಿಯುತ್ತದಾ ಅಂತ ಮಾತ್ರ ನೋಡುತ್ತೇನೆ. ಆರು ಏಳನೇ ದಿನದ ಮೋಡದ ಚಿತ್ರ ನೋಡುವುದೇ ಇಲ್ಲ. ಮದುವೆ, ಗೃಹಪ್ರವೇಶ ಇಟ್ಟುಕೊಂಡವರು ಹತ್ತು ದಿನ ಮೊದಲಿಂದ ಆ ಚಿತ್ರ ನೋಡಿ ನೋಡಿ ರಕ್ತದೊತ್ತಡ ಏರಿಸಿಕೊಳ್ಳುತ್ತಾರೆ, ಏನೂ ಪ್ರಯೋಜನ ಇಲ್ಲ. ರಾತ್ರಿ ಬಯಲಾಟ ಇಟ್ಟುಕೊಂಡವರಿಗೆ ಬೇಕಾದದ್ದು ಸಂಜೆ ನಾಲ್ಕರ ನಂತರ ಬರುವ ಮೂರು ಗಂಟೆಯ ಮುನ್ಸೂಚನೆ. ಇಲಾಖೆ ಅದನ್ನೂ ಕೊಡುತ್ತದೆ, ಓದುವವರು ಕಡಿಮೆ.

ಮಂಗಳೂರಿನ ಉಷ್ಣಾಂಶ ಅಂತ ಓದುವಾಗಲೂ ಯಾವ ಮಂಗಳೂರು ಅಂತ ನೋಡಿ. ಒಂದು ಮಾಪಕ ಪಣಂಬೂರಿನಲ್ಲಿ, ಕಡಲ ಬದಿಗೆ. ಇನ್ನೊಂದು ಬಜಪೆ ವಿಮಾನ ನಿಲ್ದಾಣದಲ್ಲಿ, ನೂರು ಮೀಟರ್ ಎತ್ತರದ ಗುಡ್ಡದ ಮೇಲೆ. ಎರಡರ ಅಂಕಿ ಒಂದೇ ಇರಬೇಕೆಂದಿಲ್ಲ.

ಕಡಲಿನ ಕಡೆ ಒಂದು ಮಾತು. ಏಪ್ರಿಲ್–ಮೇ ತಿಂಗಳಲ್ಲಿ ಗಾಳಿಯೇ ಇಲ್ಲದ ದಿನ ಇದ್ದಕ್ಕಿದ್ದಂತೆ ದೊಡ್ಡ ಅಲೆಗಳು ದಡಕ್ಕೆ ಬರುವುದುಂಟು. ಕೇರಳದವರು ಇದಕ್ಕೆ ಕಳ್ಳಕ್ಕಡಲ್ ಅನ್ನುತ್ತಾರೆ, ಕಳ್ಳನ ಹಾಗೆ ಬರುವ ಕಡಲು. ಅಲೆ ಹುಟ್ಟುವುದು ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ. ನಮ್ಮ ಆ್ಯಪಿನ ಮೋಡದ ಚಿತ್ರದಲ್ಲಿ ಅದರ ಸುಳಿವೇ ಇರುವುದಿಲ್ಲ. ಹೈದರಾಬಾದಿನ ಇನ್‌ಕಾಯ್ಸ್ ಅನ್ನುವ ಸಾಗರ ಮಾಹಿತಿ ಸಂಸ್ಥೆ ಅಲೆಯ ಎಚ್ಚರಿಕೆ ಬೇರೆಯೇ ಕೊಡುತ್ತದೆ. ರಜೆಗೆ ಮಕ್ಕಳನ್ನು ಬೀಚಿಗೆ ಕರೆದುಕೊಂಡು ಹೋಗುವವರು ನೋಡಬೇಕಾದದ್ದು ಅದನ್ನು.

ಈ ಸಿಡಿಲು ಮಳೆ ಬೇಕಾ ಅಂತ ಕೇಳಿದರೆ ಹಪ್ಪಳದವರು ಬೇಡ ಅಂತಾರೆ, ಗೇರುಬೀಜ ಹೆಕ್ಕುವವರೂ ಬೇಡ ಅಂತಾರೆ. ಆದರೆ ಕುಡಿಯುವ ನೀರಿಗೆ ಮಂಗಳೂರಿಗೆ ನೇತ್ರಾವತಿಯ ತುಂಬೆ ಅಣೆಕಟ್ಟು, ಉಡುಪಿಗೆ ಸ್ವರ್ಣಾ ನದಿಯ ಬಜೆ ಅಣೆಕಟ್ಟು. ಮಳೆಗಾಲದಲ್ಲಿ ಸುಮಾರು 3,000 ಮಿಲಿಮೀಟರ್ ಸುರಿಯುವ ಊರಿನಲ್ಲಿ ಮೇ ತಿಂಗಳಿಗೆ ನಳ್ಳಿ ನೀರು ದಿನ ಬಿಟ್ಟು ದಿನ. 2019ರ ಮೇಯಲ್ಲಿ ನೇತ್ರಾವತಿ ಎಷ್ಟು ಒಣಗಿತ್ತೆಂದರೆ, ಪ್ರವಾಸ ಮುಂದೂಡಿ ಅಂತ ಧರ್ಮಸ್ಥಳದಿಂದಲೇ ಭಕ್ತರಿಗೆ ಮನವಿ ಹೋಗಿತ್ತು. ಘಟ್ಟದ ಬುಡದಲ್ಲಿ ನಾಲ್ಕು ಸಂಜೆ ಒಳ್ಳೆ ಮಳೆ ಬಿದ್ದರೆ ಹೊಳೆಗೆ ಉಸಿರು ಬರುತ್ತದೆ. ಮಂಗಳೂರಿನಲ್ಲಿ ಒಂದು ಹನಿ ಬೀಳದಿದ್ದರೂ ತುಂಬೆಗೆ ನೀರು ಬರುತ್ತದೆ. ಹಾಗಾಗಿ "ಒಂದೆರಡು ಕಡೆ ಮಳೆ" ಅಂತ ಓದಿ ನಮಗಲ್ಲ ಅಂತ ಪುಟ ತಿರುಗಿಸುವುದು ಬೇಡ.

ಮೇ ಎರಡನೇ ವಾರ ಕಳೆದರೆ ಈ ಓದುವ ಕ್ರಮವೇ ತಲೆಕೆಳಗಾಗುತ್ತದೆ. ಘಟ್ಟದ ಕಡೆ ನೋಡುವುದು ಬಿಟ್ಟು ಕಡಲ ಕಡೆ ನೋಡಬೇಕು. 2021ರಲ್ಲಿ ಮೇ ಮಧ್ಯದಲ್ಲೇ ತೌಕ್ತೆ ಚಂಡಮಾರುತ ನಮ್ಮ ದಡದ ಪಕ್ಕದಲ್ಲೇ ಹಾದುಹೋಯಿತು. ಮುಂಗಾರು ಕೇರಳಕ್ಕೆ ಬಂತು ಅಂತ ಘೋಷಿಸಲು ಇಲಾಖೆ ಮೇ 10ರ ನಂತರ 14 ಕೇಂದ್ರಗಳ ಮಳೆ ನೋಡುತ್ತದೆ. ಶೇ 60ರಷ್ಟು ಕೇಂದ್ರಗಳಲ್ಲಿ ಸತತ ಎರಡು ದಿನ 2.5 ಮಿಲಿಮೀಟರ್ ಆಗಬೇಕು, ಪಡುವಣ ಗಾಳಿ ಸಾಕಷ್ಟು ಎತ್ತರದವರೆಗೆ ಬೀಸಬೇಕು. ಆ 14ರಲ್ಲಿ ನಮ್ಮ ಮಂಗಳೂರೂ ಒಂದು. ವಾಡಿಕೆ ಜೂನ್ 1. 2025ರಲ್ಲಿ ಮೇ 24ಕ್ಕೇ ಬಂದುಬಿಟ್ಟಿತು, ಸರಿಯಾಗಿ ಪತ್ತನಾಜೆಯ ಹೊತ್ತಿಗೆ. ಕೋಲ, ಜಾತ್ರೆ, ಯಕ್ಷಗಾನ ಮೇಳಗಳ ತಿರುಗಾಟ ಎಲ್ಲ ಮುಗಿಯುವ ದಿನ ಅದು. ಹಪ್ಪಳದ ಡಬ್ಬ ಅಷ್ಟರೊಳಗೆ ತುಂಬಿರಬೇಕು.